ಮಾರ್ಚ್‌ನಲ್ಲಿ ಉತ್ತರ ಕೇಳುವ ಕೆಲಸ, ಏಪ್ರಿಲ್‌ನಲ್ಲಿ ಬರುವ ಪ್ರವೇಶ: ನಡುವಯಸ್ಸಿನ ವಿದ್ಯಾರ್ಥಿ ಏನು ಹೇಳಬೇಕು?

ಮರುಕಲಿಕೆ (ಕ್ಯೂಪರ್ಟಿನೋ):
ನನಗೆ ನಲವತ್ತೆರಡು ವರ್ಷ. ಮೈಸೂರಿನಲ್ಲಿ ಬಿ.ಎಸ್ಸಿ. ಎರಡನೆಯ ವರ್ಷದ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಮದುವೆಯಾಗಿ ಓದು ಅಲ್ಲಿಗೇ ನಿಂತಿತು. ಮಗ ಹೈಸ್ಕೂಲಿಗೆ ಬಂದ ಮೇಲೆ ಇಲ್ಲಿನ ಡಿ ಆನ್ಜಾ ಕಮ್ಯುನಿಟಿ ಕಾಲೇಜಿಗೆ ಸೇರಿ, ಕ್ವಾರ್ಟರ್‌ಗೆ (ಸುಮಾರು ಮೂರು ತಿಂಗಳ ಅವಧಿಗೆ) ಒಂದೋ ಎರಡೋ ವಿಷಯದಂತೆ ಓದುತ್ತ ಬಂದು, ಈ ಜೂನ್‌ಗೆ ವಿಶ್ವವಿದ್ಯಾಲಯದ ಮೂರನೆಯ ವರ್ಷಕ್ಕೆ ವರ್ಗಾವಣೆಯಾಗಲು ಬೇಕಾದ 90 ಯೂನಿಟ್‌ಗಳನ್ನು ಪೂರೈಸಲಿದ್ದೇನೆ. ಸಮಾಜಶಾಸ್ತ್ರಕ್ಕಾಗಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಕ್ರೂಜ್‌ಗೆ ಟ್ಯಾಗ್, ಎಂದರೆ ವರ್ಗಾವಣೆ ಪ್ರವೇಶದ ಖಾತ್ರಿ ಒಪ್ಪಂದ, ನವೆಂಬರ್‌ನಲ್ಲೇ ಸಿಕ್ಕಿದೆ. ಟ್ಯಾಗ್ ಸೌಲಭ್ಯವಿಲ್ಲದ ಅದರ ಬರ್ಕ್ಲಿ ಕ್ಯಾಂಪಸ್ಸಿಗೂ ಅರ್ಜಿ ಹಾಕಿದ್ದೇನೆ. ಜನವರಿಯಲ್ಲಿ ಕೊಡಬೇಕಾದ ಇತ್ತೀಚಿನ ಅಂಕಗಳ ವಿವರವನ್ನೂ ಸಲ್ಲಿಸಿಯಾಗಿದೆ. ಇನ್ನು ಏಪ್ರಿಲ್ ಕೊನೆಯವರೆಗೆ ಕಾಯುವುದೊಂದೇ ಬಾಕಿ.

ಕಾಯುವುದು ನನಗೆ ಕಷ್ಟವಲ್ಲ, ಆದರೆ ನನ್ನ ಸುತ್ತಲಿನವರು ಕಾಯಲಾರರು. ನಾನು ಸಹಾಯಕಿಯಾಗಿರುವ ಶಾಲೆಯಲ್ಲಿ ಮಾರ್ಚ್ ಮಧ್ಯಕ್ಕೆ ಒಂದು ಹಾಳೆ ಕೈಗೆ ಬರುತ್ತದೆ: ಮುಂದಿನ ಶೈಕ್ಷಣಿಕ ವರ್ಷಕ್ಕೆ ಮರಳುವಿರಾ, ಹೌದು ಅಥವಾ ಇಲ್ಲ ಎಂದು ಗುರುತು ಹಾಕಿ. ಇದರ ಜೊತೆಗೆ ಮಗನೂ ಇದೇ ವರ್ಷ ಹನ್ನೆರಡನೆಯ ತರಗತಿ ಮುಗಿಸುತ್ತಿದ್ದು, ಅವನ ಕಾಲೇಜು ಪ್ರವೇಶದ ಫಲಿತಾಂಶಗಳು ಮಾರ್ಚ್‌ನಲ್ಲಿ ಬರುತ್ತವೆ. ಅವನು ಮೇ 1ರೊಳಗೆ ಒಪ್ಪಿಗೆ ಕೊಡಬೇಕು, ನಾನು ಜೂನ್ 1ರೊಳಗೆ. ಹಾಳೆಯಲ್ಲಿ ಏನೆಂದು ಗುರುತು ಹಾಕಲಿ? ಈ ವರ್ಷ ಮಗನಿಗೆ ಬಿಟ್ಟುಕೊಟ್ಟು ನೀನು ಮುಂದಿನ ವರ್ಷ ನೋಡು ಎಂದು ಮನೆಯ ಹಿರಿಯರು ಹೇಳುತ್ತಿದ್ದಾರೆ. ತಿಳಿದವರು ಅಭಿಪ್ರಾಯ ಕೊಟ್ಟರೆ ಉಪಕಾರವಾಗುತ್ತದೆ.

ಲೆಕ್ಕದ ಮಾತು (ಫ್ರಿಮಾಂಟ್):
ಹಿರಿಯರ ಮಾತಿನಲ್ಲಿ ಹುರುಳಿಲ್ಲ ಎಂದು ತಳ್ಳಿಹಾಕಬೇಡಿ. ಒಂದೇ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಮನೆಯಿಂದ ಎರಡು ಶುಲ್ಕ ಹೊರಹೋಗಿ ಒಂದು ಸಂಬಳ ನಿಂತರೆ ಏನಾಗುತ್ತದೆ ಎಂಬುದನ್ನು ಕಾಗದದ ಮೇಲೆ ಬರೆದು ನೋಡಿ. ಒಂದೇ ಮನೆಯ ಇಬ್ಬರು ಕಾಲೇಜಿನಲ್ಲಿದ್ದರೆ ಕೇಂದ್ರ ಸರ್ಕಾರದ ಸಹಾಯಧನದ ಲೆಕ್ಕದಲ್ಲಿ ಮೊದಲು ಸಿಗುತ್ತಿದ್ದ ರಿಯಾಯಿತಿಯನ್ನು 2024-25ರಿಂದ ತೆಗೆದುಹಾಕಿದ್ದಾರೆ. ಆದ್ದರಿಂದ ಇಬ್ಬರೂ ಒಟ್ಟಿಗೆ ಓದುವುದರಿಂದ ಉಳಿತಾಯವೇನೂ ಆಗದು. ಹಾಳೆಯಲ್ಲಿ ‘ಹೌದು’ ಎಂದು ಗುರುತು ಹಾಕಿ ಸುಮ್ಮನಿರಿ. ಒಂದು ವರ್ಷ ಹಿಂದೆ ಬಿದ್ದರೆ ನಲವತ್ತೆರಡು ನಲವತ್ತಮೂರಾಗುತ್ತದೆ, ಅಷ್ಟೇ.

ಹಳೆ ಟ್ರಾನ್ಸ್‌ಫರ್:
ಲೆಕ್ಕದ ಮಾತು ಅವರ ಲೆಕ್ಕ ಅರ್ಧದಲ್ಲಿ ನಿಂತಿದೆ. ಆ ರಿಯಾಯಿತಿ ಹೋಗಿದೆ ಎಂಬುದು ನಿಜ, ಆದರೆ ಒಟ್ಟಿಗೆ ಓದಿದರೆ ಲಾಭವಿಲ್ಲವಾದಂತೆ ಬೇರೆ ಬೇರೆ ವರ್ಷಗಳಲ್ಲಿ ಓದಿದರೂ ಲಾಭವಿಲ್ಲ. ಮಗನ ನಾಲ್ಕು ವರ್ಷ ಹೇಗೂ ಇರುತ್ತದೆ. ಮುಂದಿನ ವರ್ಷ ಇವರು ಸೇರಿದಾಗಲೂ ಅವನು ಕಾಲೇಜಿನಲ್ಲೇ ಇರುತ್ತಾನೆ. ಹಾಗಿದ್ದರೆ ಮುಂದೂಡಿ ಗಳಿಸುವುದೇನು?

ಇನ್ನು ಟ್ಯಾಗ್‌ನ ವಿಷಯ. ಅದು ಅರ್ಜಿ ಹಾಕಿದ ಅವಧಿಗೆ ಮಾತ್ರ ಅನ್ವಯಿಸುತ್ತದೆ. ಬೀರುವಿನಲ್ಲಿಟ್ಟುಕೊಂಡು ಬೇಕಾದಾಗ ತೆಗೆಯುವ ಚೀಟಿಯಲ್ಲ. ಈ ವರ್ಷ ಬಿಟ್ಟರೆ ಮತ್ತೆ ಸೆಪ್ಟೆಂಬರ್‌ನಲ್ಲಿ ಹೊಸ ಟ್ಯಾಗ್ ಅರ್ಜಿ, ನವೆಂಬರ್ ಕೊನೆಗೆ ಹೊಸ ಪ್ರವೇಶ ಅರ್ಜಿ, ಗರಿಷ್ಠ 350 ಪದಗಳ ನಾಲ್ಕು ಉತ್ತರಗಳು, ಎಲ್ಲವೂ ಮೊದಲಿನಿಂದ. ಅಷ್ಟರಲ್ಲಿ ಆ ವಿಭಾಗದ ಷರತ್ತುಗಳು ಬದಲಾದರೆ ಕೇಳುವವರಿಲ್ಲ.

ನಾನು ಮೂವತ್ತೆಂಟನೆಯ ವಯಸ್ಸಿನಲ್ಲಿ ಇದೇ ದಾರಿಯಲ್ಲಿ ಬಂದವನು. ಹದಿನೆಂಟರ ಹುಡುಗರು ಒಬ್ಬೊಬ್ಬರೇ ಕಾಯುತ್ತಾರೆ. ನಮ್ಮ ವಯಸ್ಸಿನವರ ಜೊತೆ ಬಾಡಿಗೆ ಮನೆಯ ಕರಾರು, ಕಚೇರಿಯ ಪಾಳಿ, ವಯಸ್ಸಾದ ಅತ್ತೆಯ ಆಸ್ಪತ್ರೆಯ ದಿನಾಂಕ ಎಲ್ಲವೂ ಕಾಯಬೇಕಾಗುತ್ತದೆ. ಪ್ರವೇಶದ ಕ್ಯಾಲೆಂಡರ್ ಬರೆದವರ ಕಣ್ಣ ಮುಂದೆ ಇದ್ದದ್ದು ತಂದೆತಾಯಿಯ ಮನೆಯಲ್ಲಿರುವ ಹುಡುಗ. ಆ ಕಾರಣಕ್ಕಾಗಿಯೇ ನಾವು ಅದಕ್ಕೆ ನಮ್ಮ ಕ್ಯಾಲೆಂಡರನ್ನು ಪೂರ್ತಿ ಒಪ್ಪಿಸಿಬಿಡಬಾರದು.

ಬಸವನಗುಡಿ:
ಇಲ್ಲಿ ಬೆಂಗಳೂರಿನಿಂದ ಓದುತ್ತಿರುವವರಿಗೆ ಆಶ್ಚರ್ಯವಾಗುವುದು ಬೇರೆಯೇ ವಿಷಯ. ನಮ್ಮ ಪರೀಕ್ಷಾ ಪ್ರಾಧಿಕಾರದ ಸಿಇಟಿಯಲ್ಲಿ ರ‍್ಯಾಂಕ್ ಕೈಯಲ್ಲಿರುತ್ತದೆ, ಮೊದಲು ಅಣಕು ಹಂಚಿಕೆ, ಆಮೇಲೆ ನಿಜವಾದ ಹಂಚಿಕೆ. ಸೀಟು ಬಂದ ಮೇಲೆ ನಾಲ್ಕು ಆಯ್ಕೆಗಳು. ಎರಡನೆಯ ಆಯ್ಕೆ ಹಾಕಿದರೆ ಸಿಕ್ಕಿದ್ದನ್ನು ಉಳಿಸಿಕೊಂಡೇ ಮುಂದಿನ ಸುತ್ತಿನಲ್ಲಿ ಮೇಲಿನದಕ್ಕೆ ಪ್ರಯತ್ನಿಸಬಹುದು. ನಿಮ್ಮಲ್ಲಿ ಯಾರೋ ಕುಳಿತು ಪ್ರಬಂಧ ಓದಿ, ‘ಸಮಗ್ರ ಪರಿಶೀಲನೆ’ ಎಂಬ ಹೆಸರಿನಲ್ಲಿ ತಿಂಗಳುಗಟ್ಟಲೆ ಮೌನವಾಗಿದ್ದು, ಕೊನೆಗೊಂದು ದಿನ ಹೌದು ಅಥವಾ ಇಲ್ಲ ಎನ್ನುತ್ತಾರೆ. ಏಕೆ ಎಂದು ಹೇಳುವುದಿಲ್ಲ. ನಡುವಯಸ್ಸಿನವರಿಗೆ ಇದರಲ್ಲಿ ನ್ಯಾಯವಿದೆ ಎಂದು ನಂಬುವುದು ಹೇಗೆ?

ಹಳೆ ಟ್ರಾನ್ಸ್‌ಫರ್:
ನೀವು ಹೇಳಿದ ಎರಡನೆಯ ಆಯ್ಕೆಯೇ ಇವರ ಕೈಯಲ್ಲಿರುವುದು. ಸಾಂಟಾ ಕ್ರೂಜ್ ಖಾತ್ರಿಯಾಗಿದೆ, ಬರ್ಕ್ಲಿಯ ಉತ್ತರ ನೋಡಿಕೊಂಡು ಜೂನ್ 1ರೊಳಗೆ ಒಂದನ್ನು ಒಪ್ಪಿಕೊಳ್ಳಬಹುದು. ಪೂರ್ತಿ ಕತ್ತಲೆಯೂ ಇಲ್ಲ: ಹಿಂದಿನ ವರ್ಷಗಳಲ್ಲಿ ಯಾವ ಕ್ಯಾಂಪಸ್ಸಿನ ಯಾವ ವಿಭಾಗಕ್ಕೆ ಎಷ್ಟು ವರ್ಗಾವಣೆ ಅರ್ಜಿಗಳು ಬಂದವು, ಸೇರಿಸಿಕೊಂಡವರ ಅಂಕಗಳ ಸರಾಸರಿ ಯಾವ ವ್ಯಾಪ್ತಿಯಲ್ಲಿತ್ತು ಎಂಬುದನ್ನು ವಿಶ್ವವಿದ್ಯಾಲಯವೇ ಪ್ರಕಟಿಸುತ್ತದೆ.

ನ್ಯಾಯದ ಮಾತು ಬಂತು. ಸಿಇಟಿ ಪಾರದರ್ಶಕವೆಂದು ಒಪ್ಪುತ್ತೇನೆ. ಆದರೆ ಇಪ್ಪತ್ತು ವರ್ಷ ಸಂಸಾರ ನಡೆಸಿದ ಮಹಿಳೆ ಮತ್ತೆ ಭೌತಶಾಸ್ತ್ರ, ರಸಾಯನಶಾಸ್ತ್ರದ ಪರೀಕ್ಷೆ ಬರೆದು ಹದಿನೆಂಟರವರ ಜೊತೆ ರ‍್ಯಾಂಕ್ ಪಡೆಯಬೇಕು ಎಂಬ ಪಾರದರ್ಶಕತೆ ಅದು. ನಡುವಿನಲ್ಲಿ ಸೇರುವ ಬಾಗಿಲು ಅಲ್ಲಿ ಡಿಪ್ಲೊಮಾ ಮಾಡಿದವರಿಗೆ ಇಂಜಿನಿಯರಿಂಗ್ ಎರಡನೆಯ ವರ್ಷಕ್ಕಿದೆ. ಸಮಾಜಶಾಸ್ತ್ರ ಓದಬಯಸುವವರು ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಂಥ ಕಡೆ ನೋಡಬೇಕು. ಕ್ಯಾಲಿಫೋರ್ನಿಯಾದಲ್ಲಿ ಕಮ್ಯುನಿಟಿ ಕಾಲೇಜಿನಿಂದ ಮೂರನೆಯ ವರ್ಷಕ್ಕೆ ಬರುವುದು ಯಾರೋ ಕರುಣೆಯಿಂದ ಕೊಟ್ಟ ಅವಕಾಶವಲ್ಲ. ರಾಜ್ಯದ ಉನ್ನತ ಶಿಕ್ಷಣಕ್ಕಾಗಿ ರೂಪಿಸಿದ 1960ರ ಮಾಸ್ಟರ್ ಪ್ಲ್ಯಾನ್‌ನಲ್ಲೇ ಆ ವ್ಯವಸ್ಥೆಯನ್ನು ಕಟ್ಟಿದ್ದಾರೆ. ಇವತ್ತಿಗೂ ಇಬ್ಬರು ಹೊಸ ವಿದ್ಯಾರ್ಥಿಗಳಿಗೆ ಒಬ್ಬ ವರ್ಗಾವಣೆ ವಿದ್ಯಾರ್ಥಿ ಎಂಬ ಪ್ರಮಾಣವನ್ನು ವಿಶ್ವವಿದ್ಯಾಲಯ ಗುರಿಯಾಗಿ ಇಟ್ಟುಕೊಂಡಿದೆ.

ಬಸವನಗುಡಿ:
ಮುಕ್ತ ವಿಶ್ವವಿದ್ಯಾಲಯವನ್ನು ಹಾಗೆ ಬದಿಗೆ ಸರಿಸಬೇಡಿ, ಅಲ್ಲಿ ಓದಿ ಬದುಕು ಕಟ್ಟಿಕೊಂಡವರು ನಮ್ಮ ನಡುವೆಯೇ ಇದ್ದಾರೆ. ಉಳಿದ ಮಾತು ಒಪ್ಪುತ್ತೇನೆ. ಆದರೂ ‘ಏಕೆ ಇಲ್ಲ’ ಎಂದು ಹೇಳದ ವ್ಯವಸ್ಥೆಯನ್ನು ನಾನು ಹೊಗಳಲಾರೆ.

ಶಾಲೆಯ ಕಡೆಯಿಂದ:
ನಾನು ಬೇರೊಂದು ಶಾಲಾ ಜಿಲ್ಲೆಯ ಕಚೇರಿಯಲ್ಲಿ ಅಂಥ ಹಾಳೆಗಳನ್ನು ಸಂಗ್ರಹಿಸುವ ಕೆಲಸದಲ್ಲಿದ್ದೇನೆ. ಆ ಕಡೆಯಿಂದ ಅದು ಹೇಗೆ ಕಾಣುತ್ತದೆ ಎಂದು ಹೇಳಬಹುದು. ನಮ್ಮಲ್ಲಿ ಅದು ರಾಜೀನಾಮೆಯೂ ಅಲ್ಲ, ಕರಾರೂ ಅಲ್ಲ. ಮುಂದಿನ ವರ್ಷ ಎಷ್ಟು ಜನರನ್ನು ಹುಡುಕಬೇಕು ಎಂಬ ಅಂದಾಜು ಮಾತ್ರ. ನಿಮ್ಮ ಶಾಲೆಯ ಹಾಳೆಯ ಕೆಳಗಿನ ಸಣ್ಣ ಅಕ್ಷರಗಳನ್ನು ಓದಿ, ಅಲ್ಲಿ ಹಾಗಿಲ್ಲದಿದ್ದರೆ ನನ್ನ ಮಾತು ಅನ್ವಯಿಸದು. ‘ಇಲ್ಲ’ ಎಂದು ಗುರುತು ಹಾಕಿದರೆ ಮಾತ್ರ ಜಾಗವನ್ನು ಕೂಡಲೇ ಜಾಹೀರಾತಿಗೆ ಹಾಕುತ್ತೇವೆ, ಆಮೇಲೆ ಮನಸ್ಸು ಬದಲಾದರೆ ಕಷ್ಟ.

ಹಾಗೆಂದು ‘ಹೌದು ಎಂದು ಹೇಳಿ ಸುಮ್ಮನಿರಿ’ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಸಹಾಯಕಿಯರು ಬಹಳಷ್ಟು ಸಲ ಒಬ್ಬ ನಿರ್ದಿಷ್ಟ ಮಗುವಿನ ಜೊತೆ ಇರುತ್ತಾರೆ. ಮಾತು ತಡವಾಗಿ ಬಂದ ಮಗು, ಊಟದ ಕೋಣೆಯ ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ಮಗು. ಅದು ಒಬ್ಬರಿಗೆ ಒಗ್ಗಿಕೊಳ್ಳಲು ಒಂದು ವರ್ಷ ಹಿಡಿದಿರುತ್ತದೆ. ಆಗಸ್ಟ್‌ನಲ್ಲಿ ತರಗತಿ ಆರಂಭವಾಗುವ ಹೊತ್ತಿಗೆ ಬಿಟ್ಟುಹೋದರೆ ಆ ಮಗು ಮತ್ತೆ ಮೊದಲಿನಿಂದ ಆರಂಭಿಸಬೇಕು. ಮಾರ್ಚ್‌ನಲ್ಲೇ ಪ್ರಾಂಶುಪಾಲರ ಬಳಿ ಎರಡು ವಾಕ್ಯ ಹೇಳಿ: ಹಾಳೆಯಲ್ಲಿ ಹೌದು ಎಂದಿದ್ದೇನೆ, ಆದರೆ ವಿಶ್ವವಿದ್ಯಾಲಯದ ಉತ್ತರ ಏಪ್ರಿಲ್‌ನಲ್ಲಿ ಬರುತ್ತದೆ, ಮೇ ಮೊದಲ ವಾರದೊಳಗೆ ಖಚಿತವಾಗಿ ತಿಳಿಸುತ್ತೇನೆ. ಶಾಲೆಯವರಿಗೆ ಬೇಕಾಗಿರುವುದು ಒಂದು ದಿನಾಂಕ.

ಲೆಕ್ಕದ ಮಾತು:
ಒಳ್ಳೆಯತನಕ್ಕೆ ಬೆಲೆ ಕಟ್ಟುವವರು ಎಲ್ಲ ಕಡೆ ಇರುವುದಿಲ್ಲ. ಹೇಳಿದ ಮರುದಿನದಿಂದಲೇ ‘ಹೇಗೂ ಹೋಗುವವರು’ ಎಂದು ಕೆಲಸದ ಗಂಟೆ ಕಡಿಮೆ ಮಾಡಿದ್ದನ್ನು ನಾನು ಕಂಡಿದ್ದೇನೆ. ಹಳೆ ಟ್ರಾನ್ಸ್‌ಫರ್ ಅವರು ಖಾತ್ರಿ ಖಾತ್ರಿ ಎಂದು ಹೇಳುತ್ತಿರುವ ಟ್ಯಾಗ್ ಕೂಡ ಷರತ್ತಿನ ಮೇಲೆ ನಿಂತದ್ದು. ವಸಂತದ ಕ್ವಾರ್ಟರ್‌ನಲ್ಲಿ ಒಂದು ವಿಷಯ ಕೈಕೊಟ್ಟರೆ ಕೆಲಸವೂ ಇಲ್ಲ, ಸೀಟೂ ಇಲ್ಲ.

ಹಳೆ ಟ್ರಾನ್ಸ್‌ಫರ್:
ಷರತ್ತಿನ ವಿಷಯದಲ್ಲಿ ನೀವು ಸರಿ, ಇದನ್ನು ಎಲ್ಲರೂ ಗಮನಿಸಬೇಕು. ಏಪ್ರಿಲ್‌ನಲ್ಲಿ ಬರುವ ಪ್ರವೇಶ ತಾತ್ಕಾಲಿಕ. ಅರ್ಜಿಯಲ್ಲಿ ಓದುತ್ತೇನೆಂದು ಬರೆದ ವಿಷಯವನ್ನು ಹೇಳದೆ ಕೈಬಿಟ್ಟರೆ, ಅಂಕ ಷರತ್ತಿಗಿಂತ ಕೆಳಗಿಳಿದರೆ, ಸೀಟನ್ನು ಹಿಂದಕ್ಕೆ ಪಡೆಯುವ ಅಧಿಕಾರ ಕ್ಯಾಂಪಸ್ಸಿಗಿದೆ. ಬದಲಾವಣೆ ಆದ ಕೂಡಲೇ ತಿಳಿಸಬೇಕು. ಮೊದಲೇ ತಿಳಿಸಿದವರಿಗೆ ಬೇರೆ ವಿಷಯ ತೆಗೆದುಕೊಳ್ಳಲು ಸಮಯವಾದರೂ ಉಳಿಯುತ್ತದೆ. ಆದರೆ ಈ ಷರತ್ತುಗಳೆಲ್ಲ ವಿದ್ಯಾರ್ಥಿಯ ಕೈಯಲ್ಲೇ ಇರುವಂಥವು. ಬರ್ಕ್ಲಿಯ ಉತ್ತರದ ಹಾಗೆ ಪರರ ಕೈಯಲ್ಲಿಲ್ಲ. ಕಾಯುವವರು ಈ ಎರಡನ್ನೂ ಒಂದೇ ಚಿಂತೆಯನ್ನಾಗಿ ಬೆರೆಸಿಕೊಳ್ಳುತ್ತಾರೆ. ಜೊತೆಗೆ, ಅಪರಿಚಿತರು ‘ನನ್ನ ಅಂಕಗಳ ಸರಾಸರಿ 3.9, ಸಿಗಬಹುದೇ’ ಎಂದು ಬರೆದದ್ದನ್ನು ರಾತ್ರಿ ಎರಡು ಗಂಟೆಗೆ ಓದುತ್ತ ಕೂರುತ್ತಾರೆ. ಅದರ ಬದಲು ವಸಂತದ ಸಂಖ್ಯಾಶಾಸ್ತ್ರದ ಮನೆಪಾಠ ಮುಗಿಸಿದರೆ ಟ್ಯಾಗ್ ಉಳಿಯುತ್ತದೆ.

ಎಚ್-4 ಓದುಗಿ:
ನಡುವೆ ಬಂದದ್ದಕ್ಕೆ ಕ್ಷಮಿಸಿ. ನಾನು ಎಚ್-4 ವೀಸಾದಲ್ಲಿದ್ದು (ಕೆಲಸದ ವೀಸಾದಲ್ಲಿರುವವರ ಕುಟುಂಬದವರಿಗೆ ಕೊಡುವ ವೀಸಾ) ಮುಂದಿನ ವರ್ಷ ಇದೇ ಹಾದಿ ಹಿಡಿಯಬೇಕೆಂದಿದ್ದೇನೆ. ನಮಗೂ ರಾಜ್ಯದ ನಿವಾಸಿಗಳ ಶುಲ್ಕ ಅನ್ವಯಿಸುತ್ತದೆಯೇ?

ಹಳೆ ಟ್ರಾನ್ಸ್‌ಫರ್:
ಕ್ಯಾಲಿಫೋರ್ನಿಯಾದಲ್ಲಿ ಎಚ್-4ನವರು ನಿವಾಸಿಗಳೆಂದು ಪರಿಗಣಿತರಾಗಲು ಅರ್ಹರು. ಆದರೆ ಒಂದು ವರ್ಷಕ್ಕೂ ಮೇಲ್ಪಟ್ಟ ವಾಸ್ತವ್ಯವನ್ನೂ ಇಲ್ಲೇ ನೆಲೆಸುವ ಉದ್ದೇಶವನ್ನೂ ದಾಖಲೆಗಳಿಂದ ತೋರಿಸಬೇಕು, ತಾನಾಗಿ ಸಿಗುವುದಿಲ್ಲ. ಕಮ್ಯುನಿಟಿ ಕಾಲೇಜಿನಲ್ಲಿ ನಿವಾಸಿ ಎಂದು ಒಪ್ಪಿದರೂ ವಿಶ್ವವಿದ್ಯಾಲಯ ಬೇರೆಯಾಗಿ ಪರಿಶೀಲಿಸುತ್ತದೆ. ಹೊರಗಿನವರಿಗೆ ವಿಧಿಸುವ ಹೆಚ್ಚುವರಿ ಶುಲ್ಕವೇ ವರ್ಷಕ್ಕೆ 30 ಸಾವಿರ ಡಾಲರ್‌ಗೂ ಮಿಕ್ಕಿದೆ, ಆದ್ದರಿಂದ ಈಗಿನಿಂದಲೇ ಕಾಗದಪತ್ರ ಜೋಡಿಸಿಟ್ಟುಕೊಳ್ಳಿ.

ಮರುಕಲಿಕೆ:
ಎಲ್ಲರಿಗೂ ಧನ್ಯವಾದ. ಹಾಳೆಯ ಸಣ್ಣ ಅಕ್ಷರಗಳನ್ನು ಓದಿದೆ; ಅದು ಬದ್ಧತೆಯಲ್ಲ ಎಂದೇ ಬರೆದಿದೆ. ‘ಹೌದು’ ಎಂದು ಗುರುತು ಹಾಕಿ, ಪ್ರಾಂಶುಪಾಲರಿಗೆ ಮೇ ಮೊದಲ ವಾರದ ದಿನಾಂಕ ಕೊಡಲು ನಿರ್ಧರಿಸಿದ್ದೇನೆ. ಗಂಟೆ ಕಡಿಮೆಯಾದರೆ ಆಗಲಿ. ನಾನು ನೋಡಿಕೊಳ್ಳುವ ಹುಡುಗನ ತಾಯಿಗೆ ಆಗಸ್ಟ್‌ನಲ್ಲಿ ಮುಖ ತೋರಿಸುವುದು ಅದಕ್ಕಿಂತ ಕಷ್ಟ. ಹಿರಿಯರ ಮಾತಿನ ಬಗ್ಗೆ ಮಗನನ್ನೇ ಕೇಳಿದೆ. ‘ನೀನು ಬಿಟ್ಟುಕೊಟ್ಟರೆ ಅದರ ಭಾರ ನಾಲ್ಕು ವರ್ಷ ನನ್ನ ತಲೆಯ ಮೇಲೆ’ ಎಂದ, ಅಲ್ಲಿಗೆ ಅದು ಮುಗಿಯಿತು.

ಬರ್ಕ್ಲಿ ಸಿಕ್ಕರೂ ಸಾಂಟಾ ಕ್ರೂಜನ್ನೇ ಆರಿಸಬಹುದು ಎಂಬ ಯೋಚನೆ ಈಗ ಬಂದಿದೆ. ಸ್ಯಾನ್ ಹೋಸೆಯ ಬೆರಿಯೆಸ್ಸಾದಿಂದ ಬಾರ್ಟ್ ರೈಲು ನೇರ ಬರ್ಕ್ಲಿ ಪೇಟೆಗೇ ಹೋಗುತ್ತದೆ, ಅಲ್ಲಿನ ಡಿರಿಡಾನ್ ನಿಲ್ದಾಣದಿಂದ ಹದಿನೇಳನೆಯ ಹೆದ್ದಾರಿಯ ಬಸ್ಸು ಸಾಂಟಾ ಕ್ರೂಜ್‌ಗೆ ಹೋಗುತ್ತದೆ. ಎರಡನ್ನೂ ಒಂದೊಂದು ಬೆಳಗ್ಗೆ ಹತ್ತಿ ನೋಡುವುದು ಏಪ್ರಿಲ್‌ವರೆಗಿನ ಕೆಲಸ.

ಲೆಕ್ಕದ ಮಾತು:
ನಿಮ್ಮ ನಿರ್ಧಾರ ನಿಮ್ಮದು, ನನ್ನ ಅಭಿಪ್ರಾಯ ಬದಲಾಗಿಲ್ಲ. ಕನಿಷ್ಠ ಆರು ತಿಂಗಳ ಮನೆಖರ್ಚನ್ನು ಬೇರೆ ಖಾತೆಯಲ್ಲಿಟ್ಟು ಮುಂದುವರಿಯಿರಿ.

ಹಳೆ ಟ್ರಾನ್ಸ್‌ಫರ್:
ಇನ್ನೊಂದು ಮಾತು, ಇದು ತುರ್ತಿನದು. ಮೈಸೂರಿನ ಆ ಎರಡು ವರ್ಷಗಳನ್ನು ಅರ್ಜಿಯಲ್ಲಿ ನಮೂದಿಸಿದ್ದೀರಿ ತಾನೆ? ಹಿಂದೆ ಓದಿದ ಪ್ರತಿಯೊಂದು ಕಾಲೇಜನ್ನೂ, ಅದು ಬೇರೆ ದೇಶದ್ದಾಗಿದ್ದರೂ, ಪದವಿ ಮುಗಿಯದಿದ್ದರೂ, ತಿಳಿಸಲೇಬೇಕು. ‘ಹಳೆಯದು, ಯಾರು ನೋಡುತ್ತಾರೆ’ ಎಂದು ಬಿಟ್ಟವರ ಪ್ರವೇಶ ರದ್ದಾಗಬಹುದು. ಅಧಿಕೃತ ಅಂಕಪಟ್ಟಿಗಳು ಜುಲೈ 1ರೊಳಗೆ ತಲುಪಬೇಕು.

ಮರುಕಲಿಕೆ:
ನಮೂದಿಸಿದ್ದೇನೆ. ಆದರೆ ನನ್ನ ಬಳಿ ಇರುವುದು ಲ್ಯಾಮಿನೇಷನ್ ಮಾಡಿಸಿದ ಅಂಕಪಟ್ಟಿ, ಹಿಂಬದಿಗೆ ಮೊಹರು ಹಾಕಲೂ ಆಗುವುದಿಲ್ಲ. ನೋಂದಣಿ ಸಂಖ್ಯೆಯನ್ನು ತಮ್ಮನಿಗೆ ಕಳುಹಿಸಿದ್ದೇನೆ. ಬರುವ ಸೋಮವಾರ ಅವನು ಪರೀಕ್ಷಾ ವಿಭಾಗಕ್ಕೆ ಹೋಗಿ ಮೊಹರು ಹಾಕಿದ ಲಕೋಟೆಯಲ್ಲಿ ಹೊಸ ಪ್ರತಿಗೆ ಅರ್ಜಿ ಕೊಡುತ್ತಾನೆ.

ಬಸವನಗುಡಿ:
ಶುಲ್ಕದ ಚಲನ್, ಹಳೆಯ ಅಂಕಪಟ್ಟಿಗಳ ಎರಡೆರಡು ಜೆರಾಕ್ಸ್ ಪ್ರತಿ, ನೀವು ಸಹಿ ಮಾಡಿದ ಅಧಿಕಾರ ಪತ್ರ, ಇಷ್ಟನ್ನೂ ಒಟ್ಟಿಗೆ ಒಯ್ಯಲಿ. ಮದುವೆಯ ನಂತರ ಪಾಸ್‌ಪೋರ್ಟಿನಲ್ಲಿ ಹೆಸರು ಬದಲಾಗಿದ್ದರೆ ಅದರ ದಾಖಲೆಯೂ ಇರಲಿ. ಅಧಿಕಾರ ಪತ್ರವಿಲ್ಲದೆ ಬೇರೆಯವರ ಅಂಕಪಟ್ಟಿ ಕೊಡುವುದಿಲ್ಲ.