‘ಟೇಕ್’ ಅಂದರೆ ಬರೀ ‘ತಗೋ’ ಅಲ್ಲ, ‘ಹಿಡಿ’ ಕೂಡ

ಮೊನ್ನೆ ಸಂಜೆ ಮಗಳು ಇಂಗ್ಲಿಷ್ ವಾಕ್ಯಗಳನ್ನು ಕನ್ನಡಕ್ಕೆ ಮಾಡುತ್ತಾ ಕೂತಿದ್ದಳು. ‘ಬಸ್ಸು ಮೈಸೂರಿಗೆ ಹೋಗಲು ಮೂರು ಗಂಟೆ ತೆಗೆದುಕೊಂಡಿತು’ ಅಂತ ಬರೆದು ಜೋರಾಗಿ ಓದಿದಳು. ಪಕ್ಕದಲ್ಲಿ ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ ನಮ್ಮಮ್ಮ ತಲೆ ಎತ್ತದೆ, ‘ಮೂರು ಗಂಟೆ ಹಿಡೀತು ಅನ್ನೇ’ ಅಂದರು. ‘ಟೇಕ್ ಅಂದ್ರೆ ತಗೋ ಅಲ್ವಾ ಅಜ್ಜಿ?’ ಅಂತ ಇವಳು.

ಅಜ್ಜಿಯ ಮಾತು ಕಿವಿಗೆ ಸರಿ ಅನ್ನಿಸಿತು. ಆದರೆ ಮಗಳ ಪ್ರಶ್ನೆಯೂ ನ್ಯಾಯವಾದದ್ದೇ. ಹಾಗಾಗಿ ‘ಟೇಕ್’ ಎಲ್ಲಿಂದ ಬಂತು ಅಂತ ನೋಡುತ್ತಾ ಹೋದೆ.

ಇದು ಇಂಗ್ಲಿಷಿನ ಮನೆಮಾತಲ್ಲ. 9ನೇ ಶತಮಾನದಲ್ಲಿ ಡೆನ್ಮಾರ್ಕ್, ನಾರ್ವೆ ಕಡೆಯಿಂದ ಹಡಗೇರಿ ಬಂದ ವೈಕಿಂಗರು ಇಂಗ್ಲೆಂಡಿನ ಪೂರ್ವ ಮತ್ತು ಉತ್ತರ ಭಾಗಗಳಲ್ಲಿ ನೆಲೆಸಿದರಲ್ಲ, ಅವರ ನಾರ್ಸ್ ಭಾಷೆಯ ‘ಟಾಕಾ’ ಅನ್ನುವ ಪದ ಇದು. 1016ರಲ್ಲಿ ಅವರ ಪೈಕಿಯೇ ಆದ ಡೇನರ, ಅಂದರೆ ಡೆನ್ಮಾರ್ಕಿನವರ, ಕ್ನೂಟ್ ಇಂಗ್ಲೆಂಡಿಗೇ ದೊರೆಯಾದ. 1100ರ ಆಸುಪಾಸಿಗೆ ಈ ಪದ ಇಂಗ್ಲಿಷ್ ಬರಹಗಳಲ್ಲೂ ಕಾಣಿಸುತ್ತದೆ. ‘ಟಾಕಾ’ದ ಅರ್ಥ ಹಿಡಿ, ಕೈ ಹಾಕು. ಇಂಗ್ಲಿಷ್, ಜರ್ಮನ್‌ಗಳ ಬಳಗದ್ದೇ ಆದ ಗಾಥಿಕ್ ಅನ್ನುವ ಹಳೆಯ ಭಾಷೆಯಲ್ಲಿ ಇದರ ನಂಟಿನ ಪದಕ್ಕಂತೂ ‘ಮುಟ್ಟು’ ಅಂತಲೇ ಅರ್ಥ. ಅಂದರೆ ಮೊದಲು ಮುಟ್ಟುವುದು, ಆಮೇಲೆ ಹಿಡಿಯುವುದು, ಆಮೇಲೆ ತನ್ನದಾಗಿಸಿಕೊಳ್ಳುವುದು. ನಾವು ಶಾಲೆಯಲ್ಲಿ ಕಲಿತದ್ದು ಆ ಕೊನೆಯ ಅರ್ಥ ಮಾತ್ರ.

ಅದಕ್ಕೂ ಮುಂಚೆ ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ ‘ನಿಮನ್’ ಅನ್ನುವ ಪದ ಇತ್ತು. ಜರ್ಮನ್ನಿನಲ್ಲಿ ಅದು ‘ನೇಮೆನ್’ ಆಗಿ ಇವತ್ತಿಗೂ ದಿನಬಳಕೆಯಲ್ಲಿದೆ. ಇಂಗ್ಲಿಷಿನಲ್ಲಿ ಮಾತ್ರ ಹೊರಗಿಂದ ಬಂದ ಪದ ಒಳಗಿನದನ್ನು ಪಕ್ಕಕ್ಕೆ ತಳ್ಳಿತು. 17ನೇ ಶತಮಾನದ ಹೊತ್ತಿಗೆ ‘ನಿಮ್’ ಅಂದರೆ ಕದಿಯುವುದು ಅನ್ನುವ ಮಟ್ಟಕ್ಕೆ ಇಳಿದಿತ್ತು, ಪಾಪ. ಆದರೂ ಪೂರ್ತಿ ಸಾಯಲಿಲ್ಲ. ಕೈಕಾಲಿಗೆ ಸ್ಪರ್ಶ ತಿಳಿಯದೆ ಹೋದಾಗ ‘ನಂಬ್’ ಅನ್ನುತ್ತಾರಲ್ಲ, ಅದು ಈ ‘ನಿಮನ್’ನ ಕೂಸು. ಮೂಲ ಅರ್ಥ ‘ಹಿಡಿಯಲ್ಪಟ್ಟದ್ದು’.

ಇದನ್ನು ಓದುತ್ತಿದ್ದಾಗಲೇ ಅಮ್ಮ ಸಿಪ್ಪೆ ಗುಡಿಸಿ ಏಳಲು ಹೋಗಿ, ಗೋಡೆಗೆ ಕೈ ಕೊಟ್ಟು ನಿಂತರು. ‘ತಾಳು, ಕಾಲು ಜೋಮು ಹಿಡ್ಕೊಂಡಿದೆ’ ಅಂದರು. ನನಗೆ ಮೈ ಜುಮ್ಮೆಂದಿತು. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಭಾಷೆಗಳು. ಎರಡಕ್ಕೂ ಮರಗಟ್ಟಿದ ಕಾಲು ಅಂದರೆ ಯಾವುದೋ ಒಂದು ಹಿಡಿದ ಕಾಲು!

ನಮ್ಮ ‘ಹಿಡಿ’ಯ ಹರಹು ನೋಡಿ. ಬಸ್ಸು ಹಿಡಿಯುತ್ತೇವೆ. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಮಳೆ ಹಿಡಿದರೆ ಮೂರು ದಿನ ಬಿಡುವುದಿಲ್ಲ. ಈ ಪಾತ್ರೆ ಎರಡು ಸೇರು ಹಿಡಿಯುತ್ತದೆ, ಗೋಡೆಗೆ ಇನ್ನೂರು ಇಟ್ಟಿಗೆ ಹಿಡಿಯುತ್ತದೆ. ಇಂಥ ಕಡೆ ಇಂಗ್ಲಿಷಿನವರು ಎಷ್ಟೋ ಸಲ ‘ಟೇಕ್’ ಅನ್ನುತ್ತಾರೆ. ನಾವು ‘ತೆಗೆದುಕೊಳ್ಳುತ್ತದೆ’ ಅಂತ ಬರೆದರೆ ಮಾತು ಒಣಗುತ್ತದೆ. ‘ತೆಗೆದುಕೊಳ್ಳು’ ಅಂದರೆ ತೆಗೆ ಮತ್ತು ಕೊಳ್ಳು, ಎರಡು ಕೆಲಸ. ಅದಕ್ಕೆ ಒಂದು ಕೈ ಬೇಕು, ತನ್ನದಾಗಿಸಿಕೊಳ್ಳುವ ಮನಸ್ಸೂ ಬೇಕು. ಬಸ್ಸಿಗೆ ಅವೆರಡೂ ಎಲ್ಲಿವೆ?

ಹಾಗಂತ ಎಲ್ಲ ಕಡೆ ‘ಹಿಡಿ’ ಅಂತಲೂ ನಾನು ಹೇಳುತ್ತಿಲ್ಲ. ಮಾತ್ರೆಗೆ ತಗೋ ಸರಿ. ರಜೆ ಹಾಕುತ್ತೇವೆ, ಪರೀಕ್ಷೆ ಬರೆಯುತ್ತೇವೆ, ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇವೆ. ‘ನಿರ್ಧಾರ ತೆಗೆದುಕೊಂಡರು’ ಈಗ ಎಲ್ಲರ ಬಾಯಲ್ಲೂ ಇದೆ. ನನಗೆ ‘ನಿರ್ಧಾರ ಮಾಡಿದರು’ ಅನ್ನುವುದೇ ಹಿತ.

ಈಗ ನಿಮ್ಮನ್ನು ಕೇಳಬೇಕಾದದ್ದು. ಧಾರವಾಡದ ಕಡೆಯವರು ‘ಎಷ್ಟು ಟೈಮ್ ಹತ್ತತೈತಿ?’ ಅನ್ನುತ್ತಾರೆ. ಬೆಂಕಿ ಹತ್ತಿತು ಅನ್ನುವಾಗಲೂ ಅದೇ ‘ಹತ್ತು’, ತಗಲುವುದು, ಅಂಟುವುದು. ‘ಟೇಕ್’ನ ಹಳೆಯ ‘ಮುಟ್ಟು’ ಅರ್ಥಕ್ಕೆ ಇದು ‘ಹಿಡಿ’ಗಿಂತಲೂ ಹತ್ತಿರ. ಕರಾವಳಿಯಲ್ಲಿ, ಮಲೆನಾಡಿನಲ್ಲಿ, ಕೋಲಾರದ ಕಡೆ ಹೊತ್ತಿಗೆ ಯಾವ ಕ್ರಿಯಾಪದ ಬಳಸುತ್ತೀರಿ? ಮನೆಯಲ್ಲಿ ಹಿರಿಯರು ಆಡುವ ವಾಕ್ಯವನ್ನು ಹಾಗೇ ಬರೆದು ಕಳಿಸಿ, ತಿದ್ದಬೇಡಿ.