ಇಂಗ್ಲೆಂಡಿನ ಹೊಲದಲ್ಲಿ ಏರ್‌ಗನ್ನಿನಿಂದ ಮೊಲದ ಬೇಟೆ: ತಿಳಿದವರು ಹೇಳಬೇಕು

ತೋಟದಮನೆ, ಸೋಮವಾರಪೇಟೆ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಮತ್ತು ಅಳಿಯ ಇಂಗ್ಲೆಂಡಿನ ಹೆರ್‌ಫರ್ಡ್‌ಷೈರ್ ಕಡೆಯ ಒಂದು ಹಳ್ಳಿಯಲ್ಲಿದ್ದಾರೆ. ಕಾಫಿ ಕೊಯ್ಲು ಮುಗಿದು ಹೂಮಳೆಯೂ ಬಿದ್ದ ಮೇಲೆ ನಾನು ಮತ್ತು ನನ್ನ ಪತ್ನಿ ಅಲ್ಲಿಗೆ ಹೋಗಿ ಮೂರು ತಿಂಗಳು ಇರುವವರಿದ್ದೇವೆ. ಅವರ ನೆರೆಯಲ್ಲಿ ಒಬ್ಬ ರೈತರಿದ್ದು, ನಾನು ಕೊಡಗಿನವನು, ಮನೆಯಲ್ಲಿ ಕೋವಿ ಇಟ್ಟುಕೊಂಡವನು ಎಂದು ಅಳಿಯನಿಂದ ಕೇಳಿ ತಿಳಿದು, ತಮ್ಮ ಗೋಧಿಯ ಮೊಳಕೆಯನ್ನು ಮೇಯುತ್ತಿರುವ ಮೊಲಗಳನ್ನು ಹೊಡೆಯಲು ಬನ್ನಿ ಎಂದು ಕರೆದಿದ್ದಾರೆ. ಆದರೆ ಕೋವಿಯಿಂದಲ್ಲ, ಏರ್‌ಗನ್ನಿನಿಂದ.

ಏರ್‌ಗನ್ ಎಂದರೆ ನನ್ನ ಕಣ್ಣಿಗೆ ಬರುವುದು ಜಾತ್ರೆಯಲ್ಲಿ ಬಲೂನು ಒಡೆಯುವ ಬಂದೂಕು. ಬಾಲ್ಯದಲ್ಲಿ ಅಂಥದ್ದೊಂದರಿಂದ ಪಿಕಳಾರಗಳ ಮೇಲೆ ಕೈ ನೋಡಿಕೊಂಡ ನೆನಪೂ ಇದೆ, ಈಗ ಅದನ್ನು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಅಷ್ಟು ದುರ್ಬಲವಾದ ಸಾಧನದಿಂದ ಮೊಲವನ್ನು ನರಳಿಸದೆ ಕೊಲ್ಲಲು ಸಾಧ್ಯವೇ? ಪ್ರವಾಸಿಯಾಗಿ ಹೋಗುವ ನನಗೆ ಪರವಾನಗಿ ಬೇಕಾಗುತ್ತದೆಯೇ? ಹನ್ನೆರಡು ವರ್ಷದ ಮೊಮ್ಮಗನೂ ಜೊತೆಗೆ ಬರುತ್ತೇನೆಂದು ಹಟ ಹಿಡಿದಿದ್ದಾನೆ. ಇನ್ನೊಂದು ಮಾತು: ಅದು ಅಷ್ಟು ಉಪಯುಕ್ತವಾಗಿದ್ದರೆ, ನಮ್ಮ ಏಲಕ್ಕಿ ತಿನ್ನುವ ಅಳಿಲಿಗೂ ಕಿತ್ತಳೆ ಕೀಳುವ ಮಂಗಗಳಿಗೂ ಆದೀತೆಂದು ಬರುವಾಗ ಒಂದನ್ನು ತರಬಹುದೇ?

ಹಾರಂಗಿ, ಈಗ ಶ್ರಾಪ್‌ಷೈರ್:

ತೋಟದಮನೆಯವರೇ, ನಾನು ಕುಶಾಲನಗರದ ಕಡೆಯವನು. ಇಲ್ಲಿಗೆ ಬಂದು ಹನ್ನೆರಡು ವರ್ಷಗಳಾದವು, ನಿಮ್ಮ ಮಗಳ ಊರಿನ ಪಕ್ಕದ ಜಿಲ್ಲೆಯಲ್ಲೇ ಇದ್ದೇನೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಳಿಗೆಯಿಂದ ಹೊರಡುವಾಗ ಗುಂಡಿನ ಶಕ್ತಿ 12 ಅಡಿ-ಪೌಂಡ್, ಅಂದರೆ ಸುಮಾರು 16 ಜೂಲ್ ಮೀರದ ಏರ್ ರೈಫಲ್ಲಿಗೆ ಪರವಾನಗಿ ಬೇಕಿಲ್ಲ. ಅದನ್ನು ಮೀರಿದರೆ ಬೇರೆ ಬಂದೂಕುಗಳಂತೆಯೇ ಪೊಲೀಸರಿಂದ ಪ್ರಮಾಣಪತ್ರ ಪಡೆಯಬೇಕು. ಹದಿನೆಂಟು ತುಂಬಿದ ನೀವು ಆ ರೈತರ ಬಂದೂಕನ್ನು ಅವರ ಜಮೀನಿನಲ್ಲಿ ಅವರ ಒಪ್ಪಿಗೆಯಿಂದ ಬಳಸಬಹುದು. ಮೊಮ್ಮಗ ಹದಿನಾಲ್ಕರ ಒಳಗಿನವನಾದ್ದರಿಂದ, ಇಪ್ಪತ್ತೊಂದು ದಾಟಿದ ಒಬ್ಬರು ಅವನ ಮೇಲ್ವಿಚಾರಣೆಗೆ ಇರಲೇಬೇಕು. ಮನೆಗೆ ಬಂದ ಮೇಲೆ ಬಂದೂಕು ಮಕ್ಕಳ ಕೈಗೆ ಸಿಗದಂತೆ ಇಡುವುದು ಕಾನೂನಿನ ಹೊಣೆಯೇ ಹೊರತು ಬರೀ ಬುದ್ಧಿವಾದವಲ್ಲ. ಸ್ಕಾಟ್ಲೆಂಡಿಗೆ ತಿರುಗಾಟಕ್ಕೆ ಹೋದಾಗ ಇದೇ ಲೆಕ್ಕ ಹಿಡಿಯಬೇಡಿ. ಅಲ್ಲಿ 2016ರ ಕೊನೆಯ ದಿನದಿಂದ ಏರ್‌ಗನ್ನಿಗೂ ಪ್ರಮಾಣಪತ್ರ ಬೇಕು, ಹೊರಗಿನಿಂದ ಬಂದವರಿಗೆ ಪ್ರತ್ಯೇಕ ಪರ್ಮಿಟ್ ಇದೆ.

ಒಪ್ಪಿಗೆಯನ್ನು ಬಾಯಿಮಾತಿನಲ್ಲಿ ಬಿಡಬೇಡಿ. 1880ರ ಗ್ರೌಂಡ್ ಗೇಮ್ ಕಾಯ್ದೆಯ ಪ್ರಕಾರ ಗೇಣಿ ರೈತನಿಗೂ ತನ್ನ ಬೆಳೆ ಕಾಯಲು ಮೊಲ ಹೊಡೆಯುವ ಹಕ್ಕಿದೆ, ಬೇಟೆಯ ಉಳಿದ ಹಕ್ಕುಗಳು ಭೂಮಾಲೀಕನಲ್ಲೇ ಉಳಿದಿದ್ದರೂ ಅದನ್ನು ಯಾರೂ ಕಿತ್ತುಕೊಳ್ಳುವಂತಿಲ್ಲ. ಆದರೆ ಅವರು ಬೇರೆಯವರಿಗೆ ಆ ಕೆಲಸ ವಹಿಸುವಾಗ ಬರವಣಿಗೆಯಲ್ಲಿ ಕೊಡಬೇಕು. ಜಮೀನಿನ ಗಡಿ ಎಲ್ಲಿಯವರೆಗೆ, ಸಾರ್ವಜನಿಕರು ನಡೆಯುವ ಕಾಲುದಾರಿ ಯಾವ ಬದಿಯಿಂದ ಹಾದುಹೋಗುತ್ತದೆ ಎಂಬುದನ್ನು ಅವರ ಜೊತೆಯಲ್ಲಿ ಹಗಲು ಹೊತ್ತು ಒಮ್ಮೆ ನಡೆದು ನೋಡಿ. ನೀವು ಹೊಡೆದ ಪೆಲೆಟ್ (ಏರ್‌ಗನ್ನಿನ ಸಣ್ಣ ಗುಂಡು) ಬೇಲಿ ದಾಟಿ ಪಕ್ಕದವರ ಹೊಲಕ್ಕೆ ಬಿದ್ದರೆ ಅದೂ ಅಪರಾಧವೇ.

ಮೊಲ, ಕಂದು ಇಲಿ, ಬೂದು ಅಳಿಲು, ಈ ಮೂರನ್ನು ವರ್ಷವಿಡೀ ಹೊಡೆಯಬಹುದು. ಹಕ್ಕಿಗಳ ವಿಷಯ ಹಾಗಲ್ಲ. 1981ರ ವನ್ಯಜೀವಿ ಕಾಯ್ದೆ ಕಾಡುಹಕ್ಕಿಗಳೆಲ್ಲಕ್ಕೂ ರಕ್ಷಣೆ ಕೊಟ್ಟಿದೆ. ಎಣ್ಣೆಬೀಜದ ಹೊಲಕ್ಕೆ ಹಿಂಡು ಹಿಂಡಾಗಿ ಇಳಿಯುವ ಕಾಡುಪಾರಿವಾಳ, ಕಾಗೆ, ಮ್ಯಾಗ್‌ಪೈ ಮುಂತಾದವನ್ನು ಸರ್ಕಾರ ಹೊರಡಿಸುವ ಸಾಮಾನ್ಯ ಪರವಾನಗಿಯ ಷರತ್ತುಗಳೊಳಗೆ ಮಾತ್ರ ಹೊಡೆಯಬಹುದು. ಅದಕ್ಕೆ ಅರ್ಜಿಯೂ ಇಲ್ಲ, ಶುಲ್ಕವೂ ಇಲ್ಲ, ಆದರೆ ಷರತ್ತು ಓದದೆ ಹೊಡೆದವನಿಗೆ ಆ ರಕ್ಷಣೆಯೂ ಇಲ್ಲ. 2019ರ ಏಪ್ರಿಲ್‌ನಲ್ಲಿ ಹಳೆಯ ಪರವಾನಗಿಗಳು ನ್ಯಾಯಾಲಯದ ಸವಾಲಿನಿಂದಾಗಿ ಒಮ್ಮೆಲೇ ರದ್ದಾದಾಗ ಇಲ್ಲಿನ ರೈತರು ಎಷ್ಟು ಗೊಂದಲಪಟ್ಟರೆಂಬುದನ್ನು ನಾನೇ ಕಂಡಿದ್ದೇನೆ. ಹೊಸಬರಾದ ನೀವು ಹಕ್ಕಿಗಳ ತಂಟೆಗೆ ಹೋಗದಿರುವುದೇ ಲೇಸು.

ಕಕ್ಕಬ್ಬೆ ಕೋವಿ:

ನಾನು ಸೈನ್ಯದಲ್ಲಿದ್ದು ನಿವೃತ್ತನಾದವನು. ಗುರಿಯ ಬಗ್ಗೆ ಮಾತ್ರ ಹೇಳುತ್ತೇನೆ. ಅದು ಕೊಲ್ಲುತ್ತದೆಯೇ ಎಂದು ಕೇಳಿದ್ದೀರಿ. ಕೊಲ್ಲುತ್ತದೆ, ಆದರೆ ಕೊಲ್ಲುವುದು ಶಕ್ತಿಯಿಂದಲ್ಲ, ಪೆಲೆಟ್ ಬೀಳುವ ಜಾಗದಿಂದ. ನಮ್ಮ ಜೋಡಿನಳಿಗೆಯ ತೋಟಾದಲ್ಲಿ ಚರೆಗಳು ಹರಡಿಕೊಂಡು ಹೋಗುವುದರಿಂದ ಗುರಿ ಅಂಗುಲ ಎರಡಂಗುಲ ತಪ್ಪಿದರೂ ನಡೆಯುತ್ತದೆ. ಏರ್‌ಗನ್ನಿನಲ್ಲಿ ಇರುವುದು ಒಂದೇ ಪೆಲೆಟ್, ಮೊಲದ ತಲೆಯಲ್ಲಿ ಅದು ತಾಗಬೇಕಾದ ಜಾಗ ಕಣ್ಣಿಗೂ ಕಿವಿಯ ಬುಡಕ್ಕೂ ನಡುವಿನ, ಎರಡು ರೂಪಾಯಿ ನಾಣ್ಯದಷ್ಟು ಭಾಗ. ಅಲ್ಲಿ ತಾಗಿದರೆ ಮೊಲ ನಿಂತಲ್ಲೇ ಬೀಳುತ್ತದೆ; ಹೊಟ್ಟೆಗೋ ತೊಡೆಗೋ ತಾಗಿದರೆ ಬಿಲ ಸೇರಿ ಎರಡು ದಿನ ನರಳಿ ಸಾಯುತ್ತದೆ, ನಿಮಗೆ ಅದು ಸಿಗುವುದೂ ಇಲ್ಲ. ಆಯುಧಗಳನ್ನು ಪೂಜಿಸುವ ನಮ್ಮ ಕೈಲ್ ಪೊಳ್ದಿನ ದಿನ ಗುಂಡು ಹೊಡೆದು ತೆಂಗಿನಕಾಯಿ ಒಡೆದವರೆಲ್ಲರೂ ತಾವು ಗುರಿಕಾರರೆಂದು ಬೀಗುತ್ತೇವೆ (ನಾನೂ ಬೀಗಿದ್ದೇನೆ). ಆದರೆ ಕಾಯಿಯ ಯಾವ ಮೂಲೆಗೆ ತಾಗಿದರೂ ಚಪ್ಪಾಳೆ ಬೀಳುತ್ತದೆ ಎಂಬುದನ್ನು ಇಲ್ಲಿ ನೆನಪಿಡಬೇಕು.

ಅಲ್ಲಿ ನಳಿಗೆಯ ಎರಡು ಅಳತೆಗಳು ಹೆಚ್ಚು ಬಳಕೆಯಲ್ಲಿವೆ: ಪಾಯಿಂಟ್ 177 ಅಂಗುಲ, ಅಂದರೆ 4.5 ಮಿಲಿಮೀಟರ್; ಮತ್ತು ಪಾಯಿಂಟ್ 22, ಅಂದರೆ 5.5 ಮಿಲಿಮೀಟರ್. ಶಕ್ತಿಯ ಮಿತಿ ಎರಡಕ್ಕೂ ಒಂದೇ ಆದ್ದರಿಂದ ಸಣ್ಣ ಪೆಲೆಟ್ ಸೆಕೆಂಡಿಗೆ ಸುಮಾರು 800 ಅಡಿ ವೇಗದಲ್ಲಿ ನೇರವಾಗಿ ಹೋಗುತ್ತದೆ. ಅದರ ಇಮ್ಮಡಿ ತೂಕದ ದೊಡ್ಡದು 580 ಅಡಿಯ ಆಸುಪಾಸಿನಲ್ಲಿ ಕಮಾನಿನಂತೆ ಬಾಗಿ ಹೋಗುತ್ತದೆ. ದೊಡ್ಡದರ ಪೆಟ್ಟು ಬಲವಾದದ್ದೆಂದು ಹಳಬರು ಅದನ್ನೇ ಮೆಚ್ಚುತ್ತಾರೆ. ಆದರೆ ದೂರವನ್ನು ಐದು ಗಜ ತಪ್ಪಾಗಿ ಅಂದಾಜು ಮಾಡಿದರೂ ಅದು ನಾಣ್ಯದಷ್ಟು ಜಾಗವನ್ನು ತಪ್ಪಿಸಬಲ್ಲದು. ಹೊಸಬರಿಗೆ ನನ್ನ ಆಯ್ಕೆ ಸಣ್ಣದೇ. ಮೂವತ್ತು ಗಜದಾಚೆ ಪ್ರಯತ್ನಿಸಬೇಡಿ. ಮೊದಲು ಕಾಗದದ ಮೇಲೆ, ಬೇಟೆಯಲ್ಲಿ ಕೂರುವ ಭಂಗಿಯಲ್ಲೇ ಕುಳಿತು, ಆ ದೂರದಿಂದ ಹತ್ತರಲ್ಲಿ ಹತ್ತೂ ಆ ನಾಣ್ಯದೊಳಗೆ ಬೀಳುತ್ತವೆಯೇ ನೋಡಿಕೊಳ್ಳಿ. ಇಪ್ಪತ್ತು ಗಜಕ್ಕೆ ಮಾತ್ರ ಬೀಳುತ್ತವೆಯಾದರೆ ನಿಮ್ಮ ಮಿತಿ ಇಪ್ಪತ್ತು ಗಜ. ಮೊಲದ ಹಿಂದೆ ಮಣ್ಣಿನ ದಿಬ್ಬ ಇರಲಿ. ಕಲ್ಲಿಗೆ ತಾಗಿದ ಪೆಲೆಟ್ ಎತ್ತ ಸಿಡಿಯುತ್ತದೆಂದು ಹೇಳಲಾಗದು.

ಮಡಿಕೇರಿ ವಕೀಲ:

ಕೊನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲೇ ಅಪಾಯವಿರುವುದು. ನಮ್ಮ 2016ರ ಆಯುಧ ನಿಯಮಗಳ ಪ್ರಕಾರ ನಳಿಗೆಯ ಅಳತೆ ಪಾಯಿಂಟ್ 177 ಮೀರದ, ಶಕ್ತಿ 20 ಜೂಲ್ ಮೀರದ ಏರ್‌ಗನ್ನಿಗೆ ಮಾತ್ರ ಪರವಾನಗಿಯ ಅಗತ್ಯವಿಲ್ಲ. ಆದ್ದರಿಂದ ಇಂಗ್ಲೆಂಡಿನಲ್ಲಿ ಯಾವ ಕಾಗದವೂ ಇಲ್ಲದೆ ಸಿಗುವ ಪಾಯಿಂಟ್ 22 ಇಲ್ಲಿಗೆ ಬಂದೊಡನೆ ಪರವಾನಗಿಯ ಆಯುಧವಾಗುತ್ತದೆ. ವಿಮಾನದ ಸಾಮಾನಿನಲ್ಲಿ ತರುವ ಯೋಚನೆಯನ್ನು ದಯವಿಟ್ಟು ಬಿಡಿ.

ಅದಕ್ಕಿಂತ ದೊಡ್ಡ ಮಾತು ಬೇರೆ ಇದೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಇದನ್ನೇ ನೆಪಮಾಡಿ ಬೇಟೆಗೂ ವಿನಾಯಿತಿ ಇದೆಯೆಂದು ನಂಬಿದವರು ನನ್ನ ಕಚೇರಿಗೆ ಇಂದಿಗೂ ಬರುತ್ತಾರೆ. ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬ ಪದಕ್ಕೆ ಕೊಟ್ಟಿರುವ ಅರ್ಥದೊಳಗೆ ಕೊಲ್ಲುವುದಷ್ಟೇ ಅಲ್ಲ, ಗಾಯಗೊಳಿಸುವುದೂ ಅದಕ್ಕಾಗಿ ಪ್ರಯತ್ನಿಸುವುದೂ ಸೇರಿವೆ. ಹೆದರಿಸಲು ಮಾತ್ರ ಹೊಡೆದೆ ಎಂಬ ಸಮಜಾಯಿಷಿ ಪೆಲೆಟ್ ತಾಗಿದ ಮಂಗದ ಮುಂದೆ ನಿಲ್ಲುವುದಿಲ್ಲ; 2022ರ ತಿದ್ದುಪಡಿಯ ನಂತರ ನಮ್ಮ ಸಾಮಾನ್ಯ ಮಂಗ ಅತಿ ಹೆಚ್ಚು ರಕ್ಷಣೆಯ ಮೊದಲನೆಯ ಅನುಸೂಚಿಯಲ್ಲಿದೆ. ಅಲ್ಲಿ ಹೊಡೆಯುವ ಮೊಲಕ್ಕೂ ನಮ್ಮ ತೋಟದ ಮೊಲಕ್ಕೂ ಹೆಸರು ಒಂದೇ ಆದರೂ ಜಾತಿ ಬೇರೆ. ಅದು ಬಿಲ ತೋಡಿ ಗುಂಪಾಗಿ ಬಾಳುತ್ತದೆ, ನಮ್ಮದು ಪೊದೆಯ ಮರೆಯಲ್ಲಿ ಒಂಟಿಯಾಗಿ ಮಲಗುವ ಕಾಡುಮೊಲ, ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ.

ಏಲಕ್ಕಿಮಲೆ:

ವಕೀಲರು ಹೇಳಿದ್ದಕ್ಕೆ ತೋಟದ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ನನ್ನ ಅಕ್ಕ ಇಂಗ್ಲೆಂಡಿನಲ್ಲಿದ್ದಾಗ ನಾನು ಅಲ್ಲಿನ ಹೊಲಗಳನ್ನು ನೋಡಿದ್ದೇನೆ. ಬಯಲು ಹುಲ್ಲು, ಅಂಚಿನಲ್ಲಿ ಗಿಡಬೇಲಿ, ಮೂವತ್ತು ಗಜದಾಚೆ ಯಾರಿದ್ದಾರೆಂಬುದು ಸ್ಪಷ್ಟವಾಗಿ ಕಾಣುತ್ತದೆ. ನಮ್ಮಲ್ಲಿ ಆಳೆತ್ತರದ ರೊಬಸ್ಟಾ ಗಿಡಗಳ ನಡುವೆ ಹತ್ತು ಗಜದಾಚೆ ಕುಳಿತು ನೆಲದ ಹಣ್ಣು ಹೆಕ್ಕುವ ಹೆಂಗಸು ಕಾಣುವುದಿಲ್ಲ. ಅಳಿಲು ಇರುವುದು ಸಿಲ್ವರ್ ಓಕ್ ಮರದ ಮೇಲೆ, ಪಕ್ಕದ ಮರಕ್ಕೆ ಏಣಿ ಚಾಚಿ ಕರಿಮೆಣಸು ಕುಯ್ಯುವವನೂ ಅಷ್ಟೇ ಎತ್ತರದಲ್ಲಿ. ಮೇಲ್ಮುಖವಾಗಿ ಹೊಡೆದ ಪೆಲೆಟ್ಟಿಗೆ ಹಿಂದೆ ದಿಬ್ಬವಿಲ್ಲ, ಆಕಾಶವಿದೆ. ನಮ್ಮ ಕಾರ್ಮಿಕರ ಲೈನ್ ಮನೆಗಳ ಮಕ್ಕಳು ಆಡುವ ಜಾಗದಲ್ಲಿ ಅದು ಬಿದ್ದರೆ ಯಾರು ಉತ್ತರ ಹೇಳುವುದು?

ಅಳಿಲಿನ ವಿಷಯದಲ್ಲೂ ಹೋಲಿಕೆ ಸಲ್ಲದು. ಅವರ ಬೂದು ಅಳಿಲನ್ನು 1876ರಲ್ಲಿ ಅಮೆರಿಕದಿಂದ ತಂದು ಬಿಟ್ಟರು. ಅದು ಎಳೆಯ ಮರಗಳ ತೊಗಟೆ ಸುಲಿಯುತ್ತದೆ, ತನಗೇನೂ ಆಗದ ಸಿಡುಬಿನಂಥ ರೋಗವನ್ನು ಹೊತ್ತು ತಂದು ಅಲ್ಲಿನ ಮೂಲದ ಕೆಂಪು ಅಳಿಲನ್ನು ಮುಗಿಸುತ್ತಿದೆ. ಬೋನಿಗೆ ಬಿದ್ದ ಬೂದು ಅಳಿಲನ್ನು ಮತ್ತೆ ಕಾಡಿಗೆ ಬಿಡುವುದೇ ಅಲ್ಲಿ ತಪ್ಪು. ನಮ್ಮ ತೋಟದ ಕೆಂದಳಿಲು ನಾವು ಕಾಫಿ ನೆಡುವ ಮೊದಲೇ ಇಲ್ಲಿದ್ದದ್ದು. ನಾನು ತೆಂಗಿನ ಬೊಡ್ಡೆಗೆ ತಗಡಿನ ಪಟ್ಟಿ ಸುತ್ತಿಸಿದ್ದೇನೆ, ಗೋದಾಮಿನ ಇಲಿಗೆ ಬೋನು ಇಟ್ಟಿದ್ದೇನೆ, ಏಲಕ್ಕಿಯನ್ನು ಹಣ್ಣಾಗಲು ಬಿಡದೆ ಸರದಿ ತಪ್ಪದಂತೆ ಕುಯ್ಯಿಸುತ್ತೇನೆ. ಕಿತ್ತಳೆಗೆ ಬರುವ ಮಂಗಗಳಿಗೆ ನನ್ನಲ್ಲೂ ಉತ್ತರವಿಲ್ಲ. ಒಂದು ಪಾಲು ಅವುಗಳದ್ದೆಂದು ಬಿಟ್ಟಿದ್ದೇನೆ, ಒಮ್ಮೊಮ್ಮೆ ಅರ್ಧವೇ ಹೋಗುತ್ತದೆ.

ತೋಟದಮನೆ, ಸೋಮವಾರಪೇಟೆ:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಏರ್‌ಗನ್ ತರುವ ಯೋಚನೆಯನ್ನು ಇಲ್ಲಿಗೇ ಕೈಬಿಟ್ಟೆ. ಲಿಖಿತ ಒಪ್ಪಿಗೆ ಕೊಡುವಂತೆ ರೈತರನ್ನು ಕೇಳಲು ಅಳಿಯನಿಗೆ ನಿನ್ನೆಯೇ ಹೇಳಿದ್ದೇನೆ, ಮೊದಲ ವಾರವೆಲ್ಲ ಕಾಗದದ ಮೇಲೆಯೇ ಹೊಡೆಯುತ್ತೇನೆ. ಎರಡು ಸಣ್ಣ ಸಂದೇಹಗಳು ಉಳಿದಿವೆ. ಹಾರಂಗಿಯವರೇ, ಮೇ ತಿಂಗಳಲ್ಲಿ ಮೊಲಗಳು ಎಷ್ಟು ಹೊತ್ತಿಗೆ ಹೊರಬರುತ್ತವೆ? ಸಿಕ್ಕಿದರೆ ಅದನ್ನು ಅಡುಗೆಗೆ ಬಳಸುವ ವಾಡಿಕೆ ಅಲ್ಲಿದೆಯೇ?

ಹಾರಂಗಿ, ಈಗ ಶ್ರಾಪ್‌ಷೈರ್:

ಮೇ ತಿಂಗಳಲ್ಲಿ ಇಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತರ ಹತ್ತಿರವಾಗುತ್ತದೆ. ಊಟ ಮುಗಿಸಿ ಏಳೂವರೆಗೆ ಹೊರಟು, ಗಾಳಿ ಮುಖಕ್ಕೆ ಬೀಸುವಂತೆ ಗಿಡಬೇಲಿಗೆ ಬೆನ್ನು ಕೊಟ್ಟು ಅಲುಗದೆ ಕುಳಿತಿರಿ. ಬಿಲದ ಬಾಯಿಗೆ ಅವು ತಾವಾಗಿಯೇ ಬರುತ್ತವೆ. ಮೊದಲು ಬಂದದ್ದನ್ನೇ ಹೊಡೆಯುವ ಆತುರ ಬೇಡ, ಅದು ಪೂರ್ತಿ ಹೊರಬಂದು ಮೇಯಲು ತಲೆ ತಗ್ಗಿಸುವವರೆಗೆ ಕಾಯಿರಿ. ಹೊಡೆದದ್ದನ್ನು ತಿನ್ನುವುದು ಇಲ್ಲಿ ವಾಡಿಕೆಯಷ್ಟೇ ಅಲ್ಲ, ಮರ್ಯಾದೆ ಎಂದೇ ಎಣಿಸುತ್ತಾರೆ. ಈರುಳ್ಳಿ, ಕ್ಯಾರೆಟ್ ಹಾಕಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಕರಿಮೆಣಸು ಇಲ್ಲಿ ಸಿಗುತ್ತದೆ. ನಮ್ಮ ಅಡುಗೆಯ ಕಪ್ಪು ಹುಳಿ ಕಾಚಂಪುಳಿ ಸಿಗುವುದಿಲ್ಲ, ಒಂದು ಸೀಸೆಯನ್ನು ಬಿರಡೆ ಬಿಗಿದು, ಎರಡು ಪ್ಲಾಸ್ಟಿಕ್ ಚೀಲ ಸುತ್ತಿ, ದೊಡ್ಡ ಪೆಟ್ಟಿಗೆಯಲ್ಲಿಟ್ಟು ತನ್ನಿ. ಸಾಧ್ಯವಾದರೆ ಎರಡು ಸೀಸೆ ತನ್ನಿ, ಒಂದು ನನಗೆ.