ಕೈಲಿ ಜಾಸ್ತಿ ದುಡ್ಡಿಲ್ಲ, ಆದ್ರೂ ಕಾಯಿಲೆಯವ್ರಿಗೆ ಏನಾದ್ರೂ ಮಾಡ್ಬೇಕು, ಎಲ್ಲಿಂದ ಶುರು ಮಾಡ್ಲಿ?

ಭಾನುವಾರದ ಬಡಪಾಯಿ:
ಎಲ್ರಿಗೂ ನಮಸ್ಕಾರ. ಸುಮಾರು ದಿನದಿಂದ ಕೇಳ್ಬೇಕು ಅಂತಿದ್ದೆ. ನನ್ನ ಸಂಬಳ ತಿಂಗಳ ಕೊನೆಗೆ ಕರೆಕ್ಟಾಗಿ ಖಾಲಿ ಆಗುತ್ತೆ, ಉಳಿದ್ರೆ ಚಿಲ್ರೆ. ವಾಟ್ಸಾಪ್ ತೆಗೆದ್ರೆ ದಿನಾ ಒಂದು ಮಗೂದು ಫೋಟೋ, ಆಪರೇಷನ್‌ಗೆ ಇಷ್ಟು ಬೇಕು ದಯವಿಟ್ಟು ಶೇರ್ ಮಾಡಿ ಅಂತ. ಬರೀ ಶೇರ್ ಮಾಡಿ ಸುಮ್ನಾಗೋಕೆ ಮನಸ್ಸು ಒಪ್ಪಲ್ಲ, ದುಡ್ಡು ಹಾಕೋಣ ಅಂದ್ರೆ ನಿಜಾನೋ ಸುಳ್ಳೋ ಗೊತ್ತಾಗಲ್ಲ, ಹಾಕಿದ್ರೂ ನನ್ನ ಚಿಲ್ರೆ ಯಾವ ಮೂಲೆಗೆ ಸಾಲುತ್ತೆ ಹೇಳಿ. ಭಾನುವಾರ ಒಂದೆರಡು ಗಂಟೆ ಬಿಡುವಿದೆ, ಆರೋಗ್ಯ ಚೆನ್ನಾಗಿದೆ, ಮನೇಲಿ ಹಳೇ ಬಟ್ಟೆ ಒಂದು ಮೂಟೆ ಇದೆ, ಉಳಿದಿರೋ ಮಾತ್ರೆಗಳೂ ಇವೆ. ಇದರಲ್ಲಿ ಯಾವುದು ಯಾರಿಗಾದ್ರೂ ನಿಜವಾಗ್ಲೂ ಉಪಯೋಗಕ್ಕೆ ಬರುತ್ತೆ? ಅನುಭವ ಇರೋರು ಹೇಳಿ ಪ್ಲೀಸ್.

ಸೂಜಿದಾರ:
ನಾನು ಬ್ಲಡ್ ಬ್ಯಾಂಕಲ್ಲಿ ಟೆಕ್ನಿಷಿಯನ್, ಹಾಗಾಗಿ ನನ್ನ ಕಡೆಗೇ ಎಳ್ಕೊಂಡು ಮಾತಾಡ್ತೀನಿ ಬೇಜಾರ್ ಮಾಡ್ಕೋಬೇಡಿ. ಆರೋಗ್ಯ ಚೆನ್ನಾಗಿದೆ ಅಂದ್ರಲ್ಲ, ನಿಮ್ಮ ಪಟ್ಟಿಲಿ ಅದಕ್ಕೇ ಬೆಲೆ ಜಾಸ್ತಿ. ರಕ್ತಾನ ಫ್ಯಾಕ್ಟರೀಲಿ ಮಾಡೋಕಾಗಲ್ಲ, ಯಾರಾದ್ರೂ ತೋಳು ಚಾಚಲೇಬೇಕು.

ಜನಕ್ಕೆ ಗೊತ್ತಿಲ್ದೇ ಇರೋದು ಅದರ ಬಾಳಿಕೆ ವಿಷ್ಯ. ಕೆಂಪು ರಕ್ತಕಣ ಫ್ರಿಜ್ಜಲ್ಲಿ ಹೆಚ್ಚು ಅಂದ್ರೆ 42 ದಿನ. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸೋ ಕಣ) ಫ್ರಿಜ್ಜಿಗೂ ಹೋಗಲ್ಲ, ಅದಕ್ಕೆ ಬೇರೆ ಮಷೀನು, 20ರಿಂದ 24 ಡಿಗ್ರಿ, ಒಳಗೆ ತಟ್ಟೆಗಳ ಮೇಲೆ ತಿಳಿ ಹಳದಿ ಬ್ಯಾಗುಗಳು ಹಗಲೂ ರಾತ್ರಿ ಅತ್ತಿಂದಿತ್ತ ಓಲಾಡ್ತಾನೇ ಇರ್ತವೆ, ಅಲುಗಾಡದೆ ಇಟ್ರೆ ಕೆಟ್ಟೋಗ್ತವೆ. ಇಷ್ಟು ಜೋಪಾನ ಮಾಡಿದ್ರೂ ಸಾಮಾನ್ಯವಾಗಿ 5 ದಿನ, ಕೆಲವು ಕಡೆ 7. ಆಮೇಲೆ ಎಸೀಬೇಕು. ಕ್ಯಾನ್ಸರ್‌ಗೆ ಕೀಮೋ ತಗೊಳ್ಳೋರಿಗೆ ಇದು ವಾರಕ್ಕೆ ಎಷ್ಟೋ ಸಲ ಬೇಕಾಗುತ್ತೆ. ಎಲ್ಲಾದ್ರೂ ದೊಡ್ಡ ದುರಂತ ಆಯ್ತು ಅಂದ ತಕ್ಷಣ ಬಾಗಿಲಲ್ಲಿ ಕ್ಯೂ ನಿಲ್ಲುತ್ತೆ, ಸಂತೋಷ, ಆದ್ರೆ ಅವತ್ತು ಕೊಟ್ಟೋರೆಲ್ಲ ಮತ್ತೆ ಮೂರ್ನಾಲ್ಕು ತಿಂಗಳು ಕೊಡೋ ಹಾಗಿಲ್ಲ (ಗ್ಯಾಪ್ ಎಷ್ಟು ಅನ್ನೋದು ದೇಶಕ್ಕೊಂದು ರೂಲು), ಆಗ ನಮ್ಮ ಶೆಲ್ಫು ಖಾಲಿ. ಯಾರೂ ಕರೀದೇ ಇರೋ ಒಂದು ಮಾಮೂಲಿ ದಿನ ಬನ್ನಿ, ನಮಗೆ ಬೇಕಿರೋದು ಅಂಥೋರು.

ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಅಂತ ಇದ್ರು. 14ನೇ ವಯಸ್ಸಲ್ಲಿ ದೊಡ್ಡ ಆಪರೇಷನ್ ಆಗಿ ಬೇರೆಯವ್ರ ರಕ್ತದಲ್ಲೇ ಉಳಿದ್ಕೊಂಡೋರು, 18 ಆದ ಮೇಲೆ 1954ರಲ್ಲಿ ಕೊಡೋಕೆ ಶುರು ಮಾಡಿ 2018ರ ತನಕ 1,173 ಸಲ ಕೊಟ್ರು (ಬಹುಪಾಲು ಪ್ಲಾಸ್ಮಾ, ಅಂದ್ರೆ ಕಣಗಳನ್ನ ಬಿಟ್ಟು ಉಳಿಯೋ ದ್ರವ, ಅದನ್ನ ರಕ್ತಕ್ಕಿಂತ ಬೇಗ ಬೇಗ ಕೊಡಬಹುದು). ಅವ್ರ ಪ್ಲಾಸ್ಮಾದಲ್ಲಿ ಅಪರೂಪದ ಆಂಟಿಬಾಡಿ ಇತ್ತು, ತಾಯಿ ರಕ್ತಕ್ಕೂ ಹೊಟ್ಟೇಲಿರೋ ಮಗು ರಕ್ತಕ್ಕೂ ಹೊಂದದೆ ಮಗು ಹೋಗಿಬಿಡೋದನ್ನ ತಡೆಯೋ ಆಂಟಿ-ಡಿ ಇಂಜೆಕ್ಷನ್ ಅದರಿಂದ ಮಾಡ್ತಿದ್ರು. ಇನ್ನೊಂದು ವಿಷ್ಯ, ಆ ಮನುಷ್ಯನಿಗೆ ಸೂಜಿ ಕಂಡ್ರೆ ಆಗ್ತಿರಲಿಲ್ವಂತೆ, ಚುಚ್ಚುವಾಗ ಬೇರೆ ಕಡೆ ಮುಖ ತಿರುಗಿಸ್ಕೊಳ್ತಿದ್ರಂತೆ.

ವಯಸ್ಸು ಚಿಕ್ಕದಿದ್ರೆ ಸ್ಟೆಮ್ ಸೆಲ್ (ಹೊಸ ರಕ್ತಕಣ ಹುಟ್ಟಿಸೋ ಮೂಲ ಕೋಶ) ಕೊಡೋರ ರಿಜಿಸ್ಟ್ರಿಗೂ ಹೆಸರು ಕೊಡಿ. ಕೆನ್ನೆ ಒಳಗೆ ಹತ್ತಿ ಕಡ್ಡಿ ಆಡಿಸಿ ಕಳಿಸೋದು ಅಷ್ಟೇ. ಬ್ಲಡ್ ಕ್ಯಾನ್ಸರ್ ಬಂದೋರಿಗೆ ಒಡಹುಟ್ಟಿದವ್ರದ್ದೇ ಪೂರ್ತಿ ಹೊಂದೋ ಸಾಧ್ಯತೆ ನಾಲ್ಕರಲ್ಲಿ ಒಂದು, ಉಳಿದೋರು ಎಲ್ಲೋ ಇರೋ ಅಪರಿಚಿತರಿಗೆ ಕಾಯ್ಬೇಕು. ಆದ್ರೆ ಕರೆ ಬಂದಾಗ ಒಲ್ಲೆ ಅನ್ನೋದಾದ್ರೆ ದಯವಿಟ್ಟು ಹೆಸರೇ ಕೊಡಬೇಡಿ, ಆಸೆ ಹುಟ್ಟಿಸಿ ಕೈಕೊಡೋದು ತುಂಬಾ ಕೆಟ್ಟದ್ದು.

ಲೆಕ್ಕದ ಮೇಷ್ಟ್ರು:
ಚಿಲ್ರೆ ಅಂತ ಕೀಳಾಗಿ ನೋಡಬೇಡಿ ಸ್ವಾಮಿ. ಒಂದು ಸಣ್ಣ ಸಂಸ್ಥೆಯ ಲೆಕ್ಕ ನೋಡ್ಕೊಳ್ತೀನಿ ನಾನು. ವರ್ಷಕ್ಕೊಂದ್ಸಲ ದೊಡ್ಡ ಮೊತ್ತ ಕೊಟ್ಟು ಫೋಟೋ ತೆಗೆಸ್ಕೊಂಡು ಹೋಗೋರಿಗಿಂತ ತಿಂಗಳಾ ತಿಂಗಳಾ ತಪ್ಪದೆ ಪುಡಿಗಾಸು ಹಾಕೋರು ನಮಗೆ ಹೆಚ್ಚು, ಯಾಕಂದ್ರೆ ನರ್ಸಿಗೆ ಸಂಬಳ ತಿಂಗಳಾ ತಿಂಗಳಾ ಕೊಡ್ಬೇಕು, ಮುಂದಿನ ತಿಂಗಳು ಇಷ್ಟು ಬಂದೇ ಬರುತ್ತೆ ಅಂತ ಗೊತ್ತಿದ್ರೆ ತಾನೇ ಅವ್ರನ್ನ ಕೆಲಸಕ್ಕೆ ಇಟ್ಕೊಳ್ಳೋಕೆ ಧೈರ್ಯ ಬರೋದು. ಇಂಥದ್ದಕ್ಕೇ ಖರ್ಚು ಮಾಡಿ ಅಂತ ಕಟ್ಟು ಹಾಕದೆ ಕೊಟ್ರೆ ಇನ್ನೂ ಒಳ್ಳೇದು. ಕರೆಂಟ್ ಬಿಲ್ಲಿಗೆ ದಾನ ಕೊಡೋರು ಯಾರೂ ಸಿಗಲ್ಲ ನೋಡಿ.

ಫಾರ್ವರ್ಡ್ ಮೆಸೇಜ್ ವಿಷ್ಯಕ್ಕೆ ಬಂದ್ರೆ, ಅದರಲ್ಲಿರೋ ನಂಬರ್‌ಗೆ ಫೋನ್ ಮಾಡಿದ್ರೆ ಮೋಸಗಾರನೇ ಎತ್ಕೊಂಡು ಹೌದು ನಿಜ ಅಂತಾನೆ. ಆಸ್ಪತ್ರೆ ನಂಬರನ್ನ ನೀವೇ ಬೇರೆ ಕಡೆಯಿಂದ ಹುಡುಕಿ ಫೋನ್ ಮಾಡಿ, ಅಲ್ಲಿ ಬಿಲ್ಲಿಗೇ ನೇರವಾಗಿ ಕಟ್ಟೋಕಾಗುತ್ತಾ ಕೇಳಿ. ಸಂಸ್ಥೆ ಆದ್ರೆ ನೋಂದಣಿ ಇದೆಯಾ, ಆಡಿಟ್ ಆದ ಲೆಕ್ಕ ಜನರ ಮುಂದೆ ಇಟ್ಟಿದ್ದಾರಾ ನೋಡಿ. ಇವತ್ತು ರಾತ್ರಿಯೊಳಗೇ ಹಾಕಿ ಅಂತ ಅವಸರ ಮಾಡೋರ ಹತ್ರ ಇನ್ನೂ ಸ್ವಲ್ಪ ನಿಧಾನ ಮಾಡಿ.

ಆ ಮಾತ್ರೆಗಳನ್ನ ಮಾತ್ರ ಎಲ್ಲಿಗೂ ಕಳಿಸ್ಬೇಡಿ. 2004ರ ಸುನಾಮಿ ಆದಾಗ ಇಂಡೋನೇಷ್ಯಾದ ಆಚೆ (Aceh) ಅನ್ನೋ ಪ್ರಾಂತ್ಯಕ್ಕೆ ಸುಮಾರು 4,000 ಟನ್ ಔಷಧಿ ಬಂದು ಬಿತ್ತು, ಬಹುಪಾಲು ಲೇಬಲ್ಲು ಅಲ್ಲಿನೋರಿಗೆ ಓದೋಕೇ ಬರದ ಭಾಷೇಲಿ, ಎಷ್ಟೋ ಡೇಟ್ ಮುಗಿದಿದ್ದು, ಕೊನೆಗೆ ಅವನ್ನ ನಾಶ ಮಾಡೋದೇ ಒಂದು ದೊಡ್ಡ ಖರ್ಚಾಯ್ತು. ಬಟ್ಟೇನೂ ಅಷ್ಟೇ, ಮೊದಲು ಫೋನ್ ಮಾಡಿ ಬೇಕಾ ಅಂತ ಕೇಳಿ. ನಮ್ಮಲ್ಲಿಗೆ ಬಂದ ಮೂಟೆ ಬಿಚ್ಚಿದ್ರೆ ಒಂಟಿ ಕಾಲುಚೀಲ, ಜಿಪ್ ಕಿತ್ತ ಪ್ಯಾಂಟು, ವಿಂಗಡಿಸೋಕೇ ಇಬ್ರು ಒಂದಿನ ಕೂತ್ರು.

ಮಾತಿನಮಲ್ಲ:
ಇದೆಲ್ಲ ಸರಿ ಗುರು, ಆದ್ರೆ ಸೋಷಿಯಲ್ ಮೀಡಿಯಾದಲ್ಲಿ ಚಾಲೆಂಜು, ರಿಬ್ಬನ್ನು, ಓಟ ಅಂತ ಮಾಡ್ತಾರಲ್ಲ ಅದೆಲ್ಲ ಬರೀ ಶೋಕಿ. ತಲೆ ಮೇಲೆ ನೀರು ಸುರ್ಕೊಂಡ್ರೆ ಕಾಯಿಲೆ ವಾಸಿ ಆಗುತ್ತಾ?

ಲೆಕ್ಕದ ಮೇಷ್ಟ್ರು:
@ಮಾತಿನಮಲ್ಲ ಶೋಕಿ ಮಾಡೋರು ಇದ್ದೇ ಇರ್ತಾರೆ, ಒಪ್ಕೊಂಡೆ. ಆದ್ರೆ ನೀವೇ ಎತ್ತಿದ ನೀರು ಸುರ್ಕೊಳ್ಳೋ ಆ ಐಸ್ ಬಕೆಟ್ ಚಾಲೆಂಜ್‌ನಿಂದ 2014ರಲ್ಲಿ ಅಮೆರಿಕದ ಎಎಲ್‌ಎಸ್ ಅಸೋಸಿಯೇಷನ್ (ನರ ಸತ್ತು ಮೈ ಸ್ವಾಧೀನ ತಪ್ಪೋ ಕಾಯಿಲೆ ಅದು, ಅದರ ಸಂಸ್ಥೆ) ಒಂದಕ್ಕೇ ಸುಮಾರು 11.5 ಕೋಟಿ ಡಾಲರ್ ಬಂತು, ಬಹುತೇಕ ಸಣ್ಣಪುಟ್ಟ ಮೊತ್ತಗಳೇ. ಅದರಲ್ಲಿ ಒಂದಷ್ಟು ಹೋದ ಸಂಶೋಧನೇಲಿ 2016ರಲ್ಲಿ ಆ ಕಾಯಿಲೆಗೆ ಸಂಬಂಧಪಟ್ಟ ಎನ್‌ಇಕೆ1 ಅನ್ನೋ ಜೀನ್ ಗುರುತಿಸಿದ್ರು. ವಾಸಿ ಆಗಿಲ್ಲ ನಿಜ. ನೀರು ಸುರ್ಕೊಂಡು ದುಡ್ಡೂ ಹಾಕಿದ್ರು ಅನ್ನೋದು ಮುಖ್ಯ, ಬರೀ ನೀರು ಸುರ್ಕೊಂಡೋರ ಬಗ್ಗೆ ನಿಮ್ಮ ಮಾತೇ ಸರಿ.

ನಿಧಾನಸ್ಥೆ:
ಭಾನುವಾರದ ಎರಡು ಗಂಟೆ ಬಗ್ಗೆ ಯಾರೂ ಹೇಳಲೇ ಇಲ್ವಲ್ಲ. ಫೋನಲ್ಲಿ ಬಿ ಮೈ ಐಸ್ ಅಂತ ಆಪ್ ಇದೆ, 2015ರಲ್ಲಿ ಡೆನ್ಮಾರ್ಕಲ್ಲಿ ಶುರುವಾಗಿದ್ದು. ಕಣ್ಣು ಕಾಣದೋರು ವಿಡಿಯೋ ಕಾಲ್ ಮಾಡ್ತಾರೆ, ಔಷಧಿ ಡಬ್ಬಿ ಮೇಲಿನ ಡೇಟ್ ಏನು, ಈ ಎರಡು ಶರ್ಟಲ್ಲಿ ನೀಲಿ ಯಾವುದು ಇಂಥದ್ದು. ನನಗೆ ಬಂದ ಒಂದು ಕಾಲಲ್ಲಿ ಡಬ್ಬೀನ ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ ಮೇಲಕ್ಕೆ ಅಂತ ಹೇಳೋದ್ರಲ್ಲೇ ಅರ್ಧ ಟೈಮ್ ಹೋಯ್ತು, ಡೇಟ್ ಕಂಡ ಕೂಡ್ಲೇ ಥ್ಯಾಂಕ್ಸ್ ಅಂತ ಕಟ್ ಮಾಡಿದ್ರು. ಅಷ್ಟೇ ಕೆಲಸ. ಕಾಲ್ ಬರೋದು ಕಮ್ಮಿ, ಸಹಾಯ ಕೇಳೋರಿಗಿಂತ ಮಾಡೋರೇ ಜಾಸ್ತಿ ಇದಾರೆ, ಬರ್ಲಿಲ್ಲ ಅಂತ ಬೇಜಾರಾಗ್ಬೇಡಿ.

ಇನ್ನೊಂದು ಹೇಳ್ಲಾ, ನಿಮ್ಮ ಗೊತ್ತಿರೋರಲ್ಲೇ ಯಾರಾದ್ರೂ ಹಾಸಿಗೆ ಹಿಡಿದೋರನ್ನ ವರ್ಷಗಟ್ಟಲೆ ನೋಡ್ಕೊಳ್ತಿರ್ತಾರೆ. ಏನಾದ್ರೂ ಬೇಕಿದ್ರೆ ಹೇಳಿ ಅಂತ ಎಲ್ರೂ ಅಂತಾರೆ, ಅವ್ರು ಯಾವತ್ತೂ ಹೇಳಲ್ಲ. ಭಾನುವಾರ ಮೂರರಿಂದ ಐದು ನಾನು ಕೂತಿರ್ತೀನಿ, ನೀವು ಹೋಗಿ ತಲೆಸ್ನಾನ ಮಾಡಿ ಒಂದು ನಿದ್ದೆ ತೆಗೀರಿ ಅಂತ ಟೈಮ್ ಸಮೇತ ಹೇಳಿ ನೋಡಿ. ರಸೀದಿ ಕೊಡಲ್ಲ ಅಷ್ಟೇ.

ಕಣ್ಣುದಾನಕ್ಕೆ ಸೈನ್ ಹಾಕಿದ್ರೆ ಕಾರ್ಡ್ ಪರ್ಸಲ್ಲಿಟ್ಟು ಮರೀಬೇಡಿ, ಮನೆಯವ್ರಿಗೆ ಬಾಯ್ಬಿಟ್ಟು ಹೇಳಿ. ಪ್ರಾಣ ಹೋದ ಮೇಲೆ ಸುಮಾರು 6 ಗಂಟೆ ಹೊತ್ತಿನೊಳಗೆ ಕಣ್ಣು ತೆಗೀಬೇಕಾಗುತ್ತೆ, ಅಳ್ತಾ ಕೂತಿರೋ ಮನೇಲಿ ಫೋನ್ ಮಾಡ್ಬೇಕಾದೋರು ಅವ್ರೇ. ಕನ್ನಡಕ ಇದ್ರೂ ಪರವಾಗಿಲ್ಲ, ಪೊರೆ ಆಪರೇಷನ್ ಆಗಿದ್ರೂ ಸಾಮಾನ್ಯವಾಗಿ ತಗೋತಾರೆ.

ಭಾನುವಾರದ ಬಡಪಾಯಿ:
ಅಬ್ಬಾ, ಇಷ್ಟೊಂದು ನಿರೀಕ್ಷೆ ಮಾಡಿರಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಮಾತ್ರೆ ಕಳಿಸಲ್ಲ, ಬಟ್ಟೆಗೆ ಫೋನ್ ಮಾಡಿ ಕೇಳ್ತೀನಿ. ತಿಂಗಳಿಗೆ ಇಷ್ಟು ಅಂತ ಸಣ್ಣದಾಗಿ ಶುರು ಮಾಡ್ತೀನಿ. @ಸೂಜಿದಾರ ಅಣ್ಣಾ, ಮುಂದಿನ ವಾರ ರಕ್ತ ಕೊಡೋಕೆ ಹೋಗೋಣ ಅಂತ, ಆದ್ರೆ ತಲೆ ಸುತ್ತಿ ಬಿದ್ದುಬಿಟ್ರೆ ಅಂತ ಒಂದೇ ಭಯ, ಏನ್ ಮಾಡ್ಲಿ?

ಸೂಜಿದಾರ:
ಖಾಲಿ ಹೊಟ್ಟೇಲಿ ಬರಬೇಡಿ, ಹಿಂದಿನ ರಾತ್ರಿ ನಿದ್ದೆ ಮಾಡಿ, ಕೊಡೋಕೆ ಮುಂಚೆ ದೊಡ್ಡ ಲೋಟದಲ್ಲಿ ನೀರು ಕುಡೀರಿ. ಇದೇ ಫಸ್ಟ್ ಟೈಮ್, ಭಯ ಇದೆ ಅಂತ ಅಲ್ಲಿರೋರಿಗೆ ಮೊದಲೇ ಹೇಳಿ, ಮಲಗಿಸಿ ತಗೋತಾರೆ. ಮುಗಿದ ಮೇಲೆ ದಡಕ್ಕನೆ ಏಳಬೇಡಿ, ಒಂದು 15 ನಿಮಿಷ ಕೂತಿರಿ, ಅವತ್ತು ಭಾರ ಎತ್ತೋದು ಜಿಮ್ಮು ಎಲ್ಲ ಬಿಡಿ. ಇತ್ತೀಚೆಗೆ ಟ್ಯಾಟೂ ಹಾಕಿಸ್ಕೊಂಡಿದ್ರೆ, ಮಾತ್ರೆ ತಗೋತಿದ್ರೆ ಫಾರ್ಮಲ್ಲಿ ಮುಚ್ಚಿಡಬೇಡಿ, ಇವತ್ತು ಬೇಡ ಆಮೇಲೆ ಬನ್ನಿ ಅಂದ್ರೆ ಬೇಜಾರ್ ಮಾಡ್ಕೊಳ್ಳದೆ ಆಮೇಲೆ ಹೋಗಿ.